ಖಾಲಿ ಬೀಳುತ್ತಿರುವ ಕಲ್ಚರ್ ತಟ್ಟೆಗಳು

ವಾಂತಿಭೇದಿಯಿಂದ ಬಳಲುವವರ ಮಲಪರೀಕ್ಷೆಯ ವರದಿ ಈಗ ದೊಡ್ಡ ಆಸ್ಪತ್ರೆಗಳಲ್ಲಿ ಕೆಲವೇ ಗಂಟೆಗಳಲ್ಲಿ ಕೈಸೇರುತ್ತದೆ. ಪಿಸಿಆರ್ ಪ್ಯಾನೆಲ್ ಒಂದೇ ಮಾದರಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ರೋಗಾಣುಗಳನ್ನು ಹುಡುಕಬಲ್ಲದು. ಬ್ಯಾಕ್ಟೀರಿಯವನ್ನು ತಟ್ಟೆಯಲ್ಲಿ ಬೆಳೆಸಿ ನೋಡುವ ಕಲ್ಚರ್‌ಗಾದರೋ ಎರಡು ಮೂರು ದಿನ ಬೇಕು. ವೈರಸ್ಸುಗಳು ಆ ತಟ್ಟೆಯಲ್ಲಿ ಬೆಳೆಯುವುದೇ ಇಲ್ಲ, ರೋಗಿ ಮೊದಲೇ ಆಂಟಿಬಯಾಟಿಕ್ ನುಂಗಿದ್ದರೆ ಬ್ಯಾಕ್ಟೀರಿಯವೂ ಕೈಕೊಡುತ್ತದೆ. ಹೀಗಿರುವಾಗ ಕಲ್ಚರ್ ಇನ್ನೂ ಏಕೆ ಎಂದು ಕೇಳುವುದು ಸಹಜ. ಕೇಳಿದವರು ಉತ್ತರಕ್ಕೂ ಕಾಯದೆ ಇನ್‌ಕ್ಯುಬೇಟರಿನ ಪ್ಲಗ್ ಕಿತ್ತುಬಿಟ್ಟಾರು ಎಂಬುದೇ ನಮ್ಮ ಆತಂಕ.

ಉತ್ತರ ಹಳೆಯ ಘಟನೆಯೊಂದರಲ್ಲಿದೆ. 1992ರಲ್ಲಿ ಮದ್ರಾಸಿನ ಕಾಲರಾ ರೋಗಿಗಳಿಂದ ಬೆಳೆಸಿದ ವಿಬ್ರಿಯೊ ಬ್ಯಾಕ್ಟೀರಿಯ, ಒ1 ಗುಂಪನ್ನು ಗುರುತಿಸುವ ಆಂಟಿಸೀರಮ್ ಹಾಕಿದರೂ ಗರಣೆಗಟ್ಟಲಿಲ್ಲ. ಅಲ್ಲಿಯವರೆಗೆ ಮಹಾಪಿಡುಗು ತಂದ ಕಾಲರಾವೆಲ್ಲ ಒ1 ಗುಂಪಿನದೇ. ಸ್ಲೈಡಿನ ಮೇಲೆ ತಿಳಿಯಾಗಿಯೇ ಉಳಿದ ಆ ಹನಿಯನ್ನು ‘ಇನ್ನೇನೋ ಇರಬೇಕು’ ಎಂದು ತೊಳೆದುಬಿಡಬಹುದಿತ್ತು. ತೊಳೆಯಲಿಲ್ಲ. ಗೊತ್ತಿದ್ದ 138 ಗುಂಪುಗಳಲ್ಲಿ ಯಾವುದಕ್ಕೂ ಸೇರದ ಅದಕ್ಕೆ ಒ139 ಎಂಬ ಹೆಸರು ಬಂತು. 1993ರಲ್ಲಿ ಅದು ಕಲ್ಕತ್ತ, ಬಾಂಗ್ಲಾದೇಶಗಳನ್ನು ವ್ಯಾಪಿಸಿತು. ಹಳೆಯ ಕಾಲರಾದಿಂದ ಬಂದಿದ್ದ ನಿರೋಧಶಕ್ತಿ ಕೆಲಸಕ್ಕೆ ಬಾರದೆ ವಯಸ್ಕರೇ ಹೆಚ್ಚಾಗಿ ಹಾಸಿಗೆ ಹಿಡಿದರು. ಇಂದಿನ ಪ್ಯಾನೆಲ್ ಅಂದು ಇದ್ದಿದ್ದರೆ? ‘ವಿಬ್ರಿಯೊ ಕಾಲರೆ ಇದೆ’ ಎಂದು ನಿಜವನ್ನೇ ಬರೆದು ಸುಮ್ಮನಾಗುತ್ತಿತ್ತು.

ಪಿಸಿಆರ್‌ಗೆ ಸಿಗುವುದು ಕಳ್ಳನ ಹೆಜ್ಜೆಗುರುತು. ಕಲ್ಚರ್‌ಗೆ ಕಳ್ಳನೇ ಸಿಗುತ್ತಾನೆ, ಬಾಯಿ ಬಿಡಿಸಬಹುದು. ಯಾವ ಔಷಧಕ್ಕೆ ಮಣಿಯುತ್ತದೆ, ಪಕ್ಕದ ಬಡಾವಣೆಯಲ್ಲಿರುವುದೂ ಇದೇ ತಳಿಯೇ ಎಂಬುದನ್ನು ಬೆಳೆಸಿದ ಬ್ಯಾಕ್ಟೀರಿಯದಿಂದಲೇ ಖಚಿತವಾಗಿ ಅರಿಯಬೇಕು. ಸತ್ತ ಬ್ಯಾಕ್ಟೀರಿಯದ ಡಿಎನ್‌ಎ ಸಿಕ್ಕರೂ ಪಿಸಿಆರ್ ‘ಪಾಸಿಟಿವ್’ ಎನ್ನುತ್ತದೆ.

ಅಮೆರಿಕದಲ್ಲಿ ವರದಿಯಾದ, ಭೇದಿ ತರುವ ಶಿಗೆಲ್ಲಾ ಬ್ಯಾಕ್ಟೀರಿಯದ ಸೋಂಕುಗಳಲ್ಲಿ, ಬಳಕೆಯ ಔಷಧಗಳಾವುದಕ್ಕೂ ಜಗ್ಗದವು 2015ರಲ್ಲಿ ಶೂನ್ಯ. 2022ರಲ್ಲಿ ಸುಮಾರು ಶೇ 5. ಬೆಳೆಸಿ ನೋಡುವವರು ಇದ್ದುದರಿಂದ ಈ ಲೆಕ್ಕ ಸಿಕ್ಕಿತು.

ಕಲುಷಿತ ನೀರಿಗೆ ಜೀವ ತೆತ್ತ ಊರುಗಳು ನಮ್ಮಲ್ಲೂ ಇವೆ: 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿ, 2024ರಲ್ಲಿ ಮೈಸೂರು ಬಳಿಯ ಕೆ. ಸಾಲುಂಡಿ. ಇಂಥಲ್ಲಿ ಮೊದಲ ಮಾತ್ರೆಗೆ ಮುಂಚೆಯೇ ಮಾದರಿ ತೆಗೆದು, ಅದನ್ನು ಕೆಡದಂತೆ ಸಾಗಿಸುವ ಕ್ಯಾರಿ-ಬ್ಲೇರ್ ಮಾಧ್ಯಮದಲ್ಲಿಡುವ ಅಭ್ಯಾಸ ಎಷ್ಟು ಕಡೆ ಉಳಿದಿದೆ? ವರದಿಯಲ್ಲಿ ಔಷಧ ಸೂಕ್ಷ್ಮತೆಯ ಕಾಲಂ ಖಾಲಿಯಿದ್ದರೆ ಯಾರಾದರೂ ಫೋನ್ ಮಾಡಿ ಕೇಳುತ್ತಾರೆಯೇ?

ಪಿಸಿಆರ್ ಇರಲಿ. ಅದರಲ್ಲಿ ಬ್ಯಾಕ್ಟೀರಿಯ ಪಾಸಿಟಿವ್ ಬಂದ ಮಾದರಿ ಅಂದೇ ಕಲ್ಚರ್‌ಗೂ ಹೋಗಲಿ. ಅದರ ಖರ್ಚು ರೋಗಿಯ ಬಿಲ್ಲಿಗೆ ಬೀಳದೆ ಸರ್ಕಾರದ್ದಾಗಲಿ. ಮುಂಗಾರಿಗೆ ಮುನ್ನ ಪ್ರತಿ ಜಿಲ್ಲಾ ಪ್ರಯೋಗಾಲಯವೂ ತನ್ನ ಫ್ರಿಜ್ ತೆರೆದು, ಕಾಲರಾ ಬ್ಯಾಕ್ಟೀರಿಯ ಬೆಳೆಸುವ ಟಿಸಿಬಿಎಸ್ ತಟ್ಟೆಗಳು ಇವೆಯೇ, ಅವಧಿ ಮೀರಿಲ್ಲವೇ ಎಂದು ನೋಡಿಕೊಳ್ಳಲಿ.