ಕೂಲಿ ಎಂಬ ಎರಡಕ್ಷರ

ಕೋಲಾರದ ಗಣಿಸೀಮೆಯ ರಾಬರ್ಟ್‌ಸನ್‌ಪೇಟೆಯ ಚಿನ್ನದಂಗಡಿಯಲ್ಲಿ ಒಡವೆಗೆ ಬೆಲೆ ಕಟ್ಟುವಾಗ ತಮಿಳಿನ ಎರಡು ಮಾತು ಕಿವಿಗೆ ಬೀಳುತ್ತವೆ: ಸೆಯ್‌ಕೂಲಿ, ಸೇದಾರಂ. ಮೊದಲನೆಯದು ಅಕ್ಕಸಾಲಿಗನ ಮಜೂರಿ, ಎರಡನೆಯದು ವೇಸ್ಟೇಜು. ಚಿನ್ನದ ದರ ಅಂಗಡಿಯವರ ಕೈಲೂ ಇಲ್ಲ, ಕೊಳ್ಳುವವರ ಕೈಲೂ ಇಲ್ಲ. ಹಾಗಾಗಿ ಚೌಕಾಸಿಯೆಲ್ಲ ಕೂಲಿಯ ಮೇಲೆ. ಪಕ್ಕದ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ನೂರಕ್ಕೂ ಹೆಚ್ಚು ವರ್ಷ ನಡೆದದ್ದೂ ಇದೇ. ಚಿನ್ನದ ಬೆಲೆ ಎಲ್ಲೋ ನಿಗದಿಯಾಗುತ್ತಿತ್ತು, ಇಳಿಸಲು ಕೈಗೆ ಸಿಗುತ್ತಿದ್ದದ್ದು ಕೂಲಿ ಒಂದೇ.

ಈ ಪದ ನಮ್ಮದು. ಕನ್ನಡ, ತಮಿಳು, ತೆಲುಗು, ಮಲಯಾಳ, ತುಳು ಎಲ್ಲದರಲ್ಲೂ ಇದೆ; ದುಡಿದವನಿಗೆ ಸಲ್ಲಬೇಕಾದದ್ದು ಎಂಬುದೇ ಅದರ ಮೂಲ ಅರ್ಥ. ದೈವ ಕೈಕೊಟ್ಟರೂ ಮೈ ದಣಿದದ್ದಕ್ಕೆ ಕೂಲಿ ಸಿಕ್ಕೇ ಸಿಗುತ್ತದೆ ಎಂಬ ಭಾವದಲ್ಲಿ ತಿರುಕ್ಕುರಳ್ ಕೂಡ ಈ ಪದವನ್ನೇ ಬಳಸಿದೆ. ‘ಕೂಲಿನಾಲಿ ಮಾಡಿ ಮಕ್ಕಳನ್ನು ಓದಿಸಿದೆ’ ಎನ್ನುವ ಕೋಲಾರದ ತಾಯಿಯ ಮಾತಿನಲ್ಲಿ ನಾಚಿಕೆಯಿಲ್ಲ, ಹೆಮ್ಮೆಯಿದೆ. ಕೆಲಸ ಮಾಡುವವರನ್ನು ಕೂಲಿಯಾಳು, ಕೂಲಿಕಾರ ಎಂದೇ ಕರೆದೆವು. ಆಳು ಬೇರೆ, ಅವನಿಗೆ ಕೊಡಬೇಕಾದದ್ದು ಬೇರೆ ಎಂಬ ವಿವೇಕ ಭಾಷೆಗೇ ಇತ್ತು.

ಪರದೇಶದವರ ಬಾಯಲ್ಲಿ ಆ ಗೆರೆ ಅಳಿಸಿಹೋಗಿ ಆಳೇ ‘ಕೂಲಿ’ಯಾದ. ಅವರ ಆ ಪದದ ಹುಟ್ಟಿನ ಬಗ್ಗೆ ಜಗಳವೂ ಇದೆ. 1886ರಲ್ಲಿ ಬಂದ ಯೂಲ್ ಮತ್ತು ಬರ್ನೆಲ್‌ರ ‘ಹಾಬ್ಸನ್ ಜಾಬ್ಸನ್’ ನಿಘಂಟು ಗುಜರಾತಿನ ಕೋಲಿ ಜನಾಂಗದ ಕಡೆಗೂ ಕೈ ತೋರಿಸುತ್ತದೆ, ದಕ್ಷಿಣದ ನಮ್ಮ ಕೂಲಿಯನ್ನೂ ನೆನೆಯುತ್ತದೆ. ತುರ್ಕಿ ಭಾಷೆಯಲ್ಲಿ ಗುಲಾಮ ಎಂಬ ಅರ್ಥದ ‘ಕುಲ್’ ಕೂಡ ಇದೆ. ಪೋರ್ಚುಗೀಸರೂ ಇಂಗ್ಲಿಷರೂ ಲಂಗರು ಹಾಕಿದ ಬಂದರುಗಳಲ್ಲಿ ಕೋಲಿ, ಕೂಲಿ ಎರಡೂ ಬೆರೆತಿರಬೇಕು ಎಂದು ನನಗನ್ನಿಸುತ್ತದೆ. ಚೀನಿಯರು ಅದನ್ನು ಬರೆದುಕೊಂಡ ರೀತಿ ಎದೆಗೆ ತಾಗುತ್ತದೆ. ಅವರ ‘ಕು-ಲಿ’ಯಲ್ಲಿ ಮೊದಲ ಅಕ್ಷರಕ್ಕೆ ಕಹಿ, ಕಷ್ಟ ಎಂಬ ಅರ್ಥ, ಎರಡನೆಯದಕ್ಕೆ ಬಲ. ಸದ್ದಿಗೆ ಸದ್ದು ಹೊಂದಿಸುವಾಗ ಬದುಕೂ ಹೊಂದಿಬಿಟ್ಟಿತು. 1904ರಿಂದಾಚೆಗೆ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಿಗೆ 60 ಸಾವಿರಕ್ಕೂ ಹೆಚ್ಚು ಚೀನಿಯರನ್ನು ಸಾಗಿಸಿದ್ದು ಇದೇ ಹೆಸರಿನಲ್ಲಿ.

ಅದಕ್ಕೂ ಮೊದಲೇ, 1860ರಲ್ಲಿ, ಮದರಾಸಿನಿಂದ ‘ಟ್ರೂರೋ’ ಹಡಗು ದಕ್ಷಿಣ ಆಫ್ರಿಕಾದ ನಟಾಲ್‌ಗೆ ನಮ್ಮವರನ್ನು ದುಡಿಯಲು ಒಯ್ದಿತ್ತು. 1893ರಲ್ಲಿ ಅಲ್ಲಿಗೆ ಹೋದ ಗಾಂಧೀಜಿ ‘ಕೂಲಿ ಬ್ಯಾರಿಸ್ಟರ್’ ಅನಿಸಿಕೊಂಡರು. ಭಾರತೀಯ ವ್ಯಾಪಾರಿಯೂ ಅಲ್ಲಿ ಕೂಲಿಯೇ. ಈಗಲೂ ದಕ್ಷಿಣ ಆಫ್ರಿಕಾದಲ್ಲಿ ಆ ಮಾತು ಬೈಗುಳ. ಮಾರಿಷಸ್‌ನ ಪೋರ್ಟ್ ಲೂಯಿಯಲ್ಲಿ ನಮ್ಮ ಜನ ಹಡಗಿಳಿದ ‘ಕೂಲಿ ಘಾಟ್’ ಈಗ ‘ಆಪ್ರವಾಸಿ ಘಾಟ್’ ಆಗಿದೆ, 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದೆ. ಆದರೆ ಅದೇ ದ್ವೀಪದ ಕವಿ ಖಾಲ್ ತೊರಾಬುಲ್ಲಿ ಪದವನ್ನು ಎಸೆಯದೆ ‘ಕೂಲಿಟ್ಯೂಡ್’ ಎಂದು ತಲೆಯ ಮೇಲೆ ಹೊತ್ತುಕೊಂಡರು. ನನ್ನ ಒಲವು ತೊರಾಬುಲ್ಲಿಯವರ ಕಡೆಗೆ.

ಉತ್ತರ ಆರ್ಕಾಟಿನ ಬಡವರಲ್ಲಿ ಕೆಲವರು ಸಮುದ್ರ ದಾಟಿದರೆ, ಇನ್ನು ಕೆಲವರು ಬೆಟ್ಟ ಹತ್ತಿ ನಮ್ಮ ಕೋಲಾರಕ್ಕೆ ಬಂದರು. ಬಹುಪಾಲು ದಲಿತರು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಗಣಿ ತೋಡತೊಡಗಿದಾಗ ಸಾಹೇಬರಿಗೆ ಬಂಗಲೆ ಎದ್ದವು, ಇವರಿಗೆ ‘ಕೂಲಿ ಲೈನ್’. ಬಿದಿರು ತಟ್ಟಿಯ ಸಾಲು ಗುಡಿಸಲುಗಳು, ಒಂದು ಕುಟುಂಬಕ್ಕೆ ಒಂದೇ ಕೋಣೆ. ಸಮುದ್ರದಾಚೆ ಬೈಗುಳವಾದ ಪದ ಹೀಗೆ ಹುಟ್ಟಿದ ಸೀಮೆಗೇ ವಿಳಾಸವಾಗಿ ಮರಳಿತು. ಆ ಗುಡಿಸಲಿನಿಂದೆದ್ದ ಮನುಷ್ಯ ಕೊನೆಕೊನೆಗೆ 3 ಕಿಲೋಮೀಟರಿಗೂ ಆಳಕ್ಕೆ ಇಳಿಯುತ್ತಿದ್ದ. ರಾಕ್ ಬರ್ಸ್ಟ್ ಆದರೆ ಬಂಡೆಯೇ ಸಿಡಿದು ಮೇಲೆ ಬೀಳುತ್ತಿತ್ತು. ಅದರಿಂದ ಪಾರಾದವನ ಶ್ವಾಸಕೋಶಕ್ಕೆ ಸಿಲಿಕಾ ದೂಳು ಕಾದಿರುತ್ತಿತ್ತು.

ಈ ಜನ ಸುಮ್ಮನಿರಲಿಲ್ಲ. 1930ರಲ್ಲಿ ಕಂಪನಿ ಎಲ್ಲರ ಬೆರಳಚ್ಚು ತೆಗೆಯಲು ಹೊರಟಾಗ ಸಾವಿರಾರು ಮಂದಿ ಕೆಲಸ ನಿಲ್ಲಿಸಿದರು. 1946ರಲ್ಲಿ ಮತ್ತೆ ಮುಷ್ಕರ. ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು.

ಈಚೆಗೆ ಪದವನ್ನೇ ಬದಲಿಸುವ ಯತ್ನವೂ ನಡೆಯಿತು. 2016ರ ರೈಲ್ವೆ ಬಜೆಟ್‌ನಲ್ಲಿ ಸಚಿವ ಸುರೇಶ್ ಪ್ರಭು ನಿಲ್ದಾಣದ ಕೂಲಿಗಳನ್ನು ‘ಸಹಾಯಕ’ ಎಂದು ಕರೆಯುವ ಪ್ರಸ್ತಾಪ ಇಟ್ಟರು. ಆಶಯ ಒಳ್ಳೆಯದೇ. ಆದರೆ ಕೆಂಪಂಗಿ ತೊಟ್ಟು ಪೆಟ್ಟಿಗೆ ಹೊರುವವನಿಗೆ ಸಂಬಳವಿಲ್ಲ, ಪ್ರಯಾಣಿಕ ಕೊಟ್ಟದ್ದೇ ಗಳಿಕೆ. ಹೆಸರು ಹೊಸದಾದರೆ ಹೊಟ್ಟೆ ತುಂಬುವುದಿಲ್ಲ.

ಇತ್ತ ಕೋಲಾರದಲ್ಲಿ 2001ರ ಫೆಬ್ರವರಿ 28ರಂದೇ ಗಣಿ ಮುಚ್ಚಿತ್ತು. ಗಣಿಯವರ ಮಕ್ಕಳು ನಸುಕಿನಲ್ಲೇ ಮಾರಿಕುಪ್ಪಂ, ಚಾಂಪಿಯನ್ ನಿಲ್ದಾಣಗಳಲ್ಲಿ ರೈಲು ಹತ್ತಿ, ಬಂಗಾರಪೇಟೆ ಹಾದು ಬೆಂಗಳೂರಿಗೆ ಕೂಲಿಗೆ ಹೋಗುತ್ತಿದ್ದಾರೆ. ಅಪ್ಪಂದಿರು ಬರಬೇಕಾದ ಬಾಕಿ ಹಣವನ್ನೂ ತಲೆಮಾರುಗಳಿಂದ ಬಾಳಿದ ಲೈನ್ ಮನೆಗಳ ಹಕ್ಕುಪತ್ರವನ್ನೂ ಕೇಳುತ್ತಲೇ ಬಂದಿದ್ದಾರೆ. ಗಣಿಯ ಜಮೀನಿನಲ್ಲಿ ಮುಂದೇನು ಕಟ್ಟಬೇಕು, ಗಣಿಯ ತ್ಯಾಜ್ಯ ಸುರಿದ ಸಯನೈಡ್ ದಿಬ್ಬಗಳಲ್ಲಿ ಉಳಿದ ಚಿನ್ನವನ್ನು ಯಾರು ತೆಗೆಯಬೇಕು ಎಂಬ ಮಾತುಕತೆ ದೆಹಲಿಯಲ್ಲೂ ಬೆಂಗಳೂರಿನಲ್ಲೂ ನಡೆಯುತ್ತಿರುತ್ತದೆ. ಆ ಚಿನ್ನದ ಟೆಂಡರಿಗೆ ಮುನ್ನ ಈ ಕೂಲಿಯ ಲೆಕ್ಕ ಚುಕ್ತಾ ಆಗಲಿ.