ನದಿಗೆ ವೀಕೆಂಡ್ ಗೊತ್ತಿಲ್ಲ

ಇಂಟರ್ನಲ್ಸ್ ಮುಗಿದ ತಕ್ಷಣ ಗೋಕರ್ಣ ಪ್ಲಾನ್ ರೆಡಿ. ಶುಕ್ರವಾರ ರಾತ್ರಿ ಬಸ್ಸು, ಶನಿವಾರ ಬೀಚು, ಭಾನುವಾರ ವಾಪಸ್. ಈಗೀಗ ಈ ಪ್ಲಾನಿಗೆ ಕಯಾಕಿಂಗ್, ಬರ್ಡ್ ವಾಚಿಂಗ್ ಕೂಡ ಸೇರ್ಕೊಂಡಿದೆ. ಒಳ್ಳೇದೇ. ಗೋಕರ್ಣದ ದಾರಿಯಲ್ಲೇ ಸಿಗುವ ಹಿರೇಗುತ್ತಿ ಸುತ್ತಮುತ್ತಲಿನ ಅಘನಾಶಿನಿ ಅಳಿವೆ ನೋಡಲೇಬೇಕಾದ ಜಾಗ. ಆದರೆ ಅಲ್ಲಿಗೆ ನಮ್ಮ ಟೈಮ್‌ಟೇಬಲ್ ಹಿಡ್ಕೊಂಡು ಹೋಗಬಾರದು, ನದಿಯ ಟೈಮ್‌ಟೇಬಲ್ ಕೇಳ್ಕೊಂಡು ಹೋಗಬೇಕು ಅನ್ನೋದು ನನ್ನ ವಾದ.

ಶಿರಸಿ ಕಡೆ ಹುಟ್ಟುವ ಅಘನಾಶಿನಿ, ದೊಡ್ಡ ಅಣೆಕಟ್ಟು ಒಂದನ್ನೂ ಕಾಣದೆ ತದಡಿ ಹತ್ತಿರ ಸಮುದ್ರ ಸೇರುತ್ತದೆ. ಅಳಿವೆಯಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ನೀರಿಳಿದು ಕೆಸರು ಬಯಲು ತೆರೆದುಕೊಂಡಾಗಲೇ ಗೊರವಗಳಿಗೆ ಹುಳ, ಏಡಿ ಸಿಗೋದು. ಊರಿನವರು ಬಳಚು ಆರಿಸೋಕೆ ಇಳಿಯೋದೂ ಆಗಲೇ. ನೀರು ಏರಿತೋ, ಮೆಸ್ ಬಂದ್.

ಫೆಬ್ರವರಿ, ಮಾರ್ಚ್‌ನಲ್ಲಿ ಈ ಊಟಕ್ಕೆ ಇನ್ನೂ ಬೆಲೆ ಜಾಸ್ತಿ. ಚಳಿಗಾಲ ಕಳೆಯಲು ದೂರದ ಉತ್ತರದಿಂದ ಬಂದ ಹಕ್ಕಿಗಳು ಹೊರಡುವ ಮುಂಚೆ ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳುತ್ತವೆ. ಸಾವಿರಾರು ಕಿಲೋಮೀಟರ್ ಹಾರಾಟಕ್ಕೆ ಅದೇ ಇಂಧನ. ಒಂದು ಫೋಟೋಕ್ಕಾಗಿ ಅವನ್ನು ಎಬ್ಬಿಸಿದರೆ ಊಟವೂ ತಪ್ಪಿತು, ಇಂಧನವೂ ಖರ್ಚಾಯ್ತು. ಬಂಕಲ್ಲಿ ಪೆಟ್ರೋಲ್ ಹಾಕಿಸ್ತಿರುವಾಗ ಪೈಪ್ ಕಿತ್ತು ಗಾಡಿ ಓಡಿಸಿದ ಹಾಗೆ.

"ಕಯಾಕ್‌ಗೆ ಎಂಜಿನ್ನೇ ಇಲ್ವಲ್ಲ, ಏನು ತೊಂದರೆ?" ಅಂತ ಕೇಳಬಹುದು. ಶಬ್ದ ಇಲ್ಲ ನಿಜ. ಆದರೆ ಮೋಟಾರ್ ಬೋಟ್ ನುಗ್ಗಲಾಗದ ಕಾಂಡ್ಲಾ ಗಿಡಗಳ ಸಂದಿಗೂ ಅದು ನುಗ್ಗುತ್ತೆ. ತಿರುವಿನಲ್ಲಿ ಹಕ್ಕಿಯ ಎದುರಿಗೇ ಹೋಗಿ ನಿಲ್ಲುತ್ತೆ. ಅದಕ್ಕೇ ಒಂದು ನಿಯಮ ಸಾಕು: ಹಕ್ಕಿ ತಿನ್ನೋದು ಬಿಟ್ಟು ಕತ್ತೆತ್ತಿ ನಮ್ಮನ್ನು ನೋಡಿದರೆ ನಾವು ತುಂಬಾ ಹತ್ತಿರ ಹೋಗಿದ್ದೇವೆ ಅಂತರ್ಥ. ಹುಟ್ಟು ಹಾಕೋದು ನಿಲ್ಲಿಸಿ, ಹಿಂದೆ ಸರೀಬೇಕು.

ಇಳಿತ ಮುಗಿದು ನೀರು ಏರತೊಡಗಿದಾಗ ಹೊರಡೋದು ಒಳ್ಳೇದು. ಅದಕ್ಕೂ ಮುಂಚೆ ಹೋದರೆ ದೋಣಿ ಕೆಸರಲ್ಲಿ ಕೂರುತ್ತೆ. ಬಯಲು ಕಿರಿದಾದ ಹಾಗೆ ಹಕ್ಕಿಗಳು ತಾವಾಗೇ ಅಂಚಿಗೆ ಬಂದು ಗುಂಪುಗೂಡುತ್ತವೆ. ದೂರದಿಂದ ಬೈನಾಕ್ಯುಲರ್ ಹಿಡಿದರೆ ಸಾಕು. ಜೊತೆಗೆ ಊರಿನ ದೋಣಿಯವರೊಬ್ಬರು ಇರಲಿ. ಎಲ್ಲಿ ಬಲೆ ಹಾಕಿದ್ದಾರೆ, ಎಲ್ಲಿ ಗಜನಿಯ ಕಟ್ಟೆ ಇದೆ ಅನ್ನೋದು ಗೂಗಲ್ ಮ್ಯಾಪ್‌ಗಿಂತ ಅವರಿಗೇ ಚೆನ್ನಾಗಿ ಗೊತ್ತು. ಕೊಟ್ಟ ದುಡ್ಡೂ ಊರಲ್ಲೇ ಉಳಿಯುತ್ತೆ. ಬ್ಲೂಟೂತ್ ಸ್ಪೀಕರ್ ಹಾಸ್ಟೆಲ್‌ನಲ್ಲೇ ಇರಲಿ.

2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು. ಹೆಸರು ಬಂದ ಮೇಲೆ ಜನ ಬಂದೇ ಬರ್ತಾರೆ, ಬರಬೇಕು ಕೂಡ. ನೋಡದೇ ಇರೋದನ್ನ ಯಾರೂ ಉಳಿಸಲ್ಲ. ಆದರೆ ಆ ಪಟ್ಟಿ ದೋಣಿಯಲ್ಲಿ ಕೂತು ನಮ್ಮ ಕೈ ಹಿಡಿಯಲ್ಲ.

ಈ ಭಾನುವಾರ ಇಳಿತದ ಹೊತ್ತು ಹೊಂದದಿದ್ದರೆ ಮುಂದಿನ ವಾರದ ಟೈಡ್ ಟೇಬಲ್ ನೋಡಿ, ಟಿಕೆಟ್ ಆಮೇಲೆ ಬುಕ್ ಮಾಡಿ. ಹದಿನೈದು ದಿನಕ್ಕೊಮ್ಮೆ ಇಳಿತ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತೆ. ಕಾಯೋಕೆ ನಮಗೆ ಪುರುಸೊತ್ತಿದೆ. ಮಾರ್ಚ್‌ನಲ್ಲಿ ಹೊರಡಬೇಕಾದ ಹಕ್ಕಿಗೆ ಇಲ್ಲ.