ಮಗುವಿನ ಮಾತು ತಡವರಿಸಿದಾಗ

ಎಳೆಯ ಕೂಸಿನ ತೊದಲ್ನುಡಿಯಿಂದ ತುಂಬಿದ ಮನೆಯ ಸಂಭ್ರಮವೇ ಬೇರೆ. ಆದರೆ ನಮ್ಮ ಆಡುಮಾತಿನಲ್ಲಿ ‘ತೊದಲು’ ಎಂಬ ಒಂದೇ ಶಬ್ದವು ಎರಡು ಬೇರೆ ಬೇರೆ ಸಂಗತಿಗಳಿಗೆ ಸಲ್ಲುತ್ತದೆ. ಮಾತು ಕಲಿಯುತ್ತಿರುವ ಕೂಸು ‘ರೊಟ್ಟಿ’ಗೆ ‘ಲೊಟ್ಟಿ’ ಎನ್ನುವುದೂ ತೊದಲೇ; ಅದುವರೆಗೆ ಸ್ವಚ್ಛವಾಗಿ ಮಾತನಾಡುತ್ತಿದ್ದ ಮೂರು ವರ್ಷದ ಮಗು ಒಂದು ಮುಂಜಾನೆ ಎದ್ದು ‘ರೊ-ರೊ-ರೊ-ರೊಟ್ಟಿ’ ಎಂದು ಮೊದಲಕ್ಷರದಲ್ಲಿಯೇ ಸಿಕ್ಕಿಕೊಳ್ಳುವುದೂ ತೊದಲೇ. ಮೊದಲನೆಯದು ಬೆಳವಣಿಗೆಯ ಸಹಜ ಹಂತ. ಎರಡನೆಯದು ಉಗ್ಗು. ಇವೆರಡನ್ನು ಬೇರ್ಪಡಿಸಿ ನೋಡದೆ ಇರುವುದರಿಂದ ಕೆಲವು ಮನೆಗಳಲ್ಲಿ ಅನಾವಶ್ಯಕ ಭಯವೂ, ಇನ್ನು ಕೆಲವು ಮನೆಗಳಲ್ಲಿ ಅನಾವಶ್ಯಕ ವಿಳಂಬವೂ ಉಂಟಾಗುತ್ತದೆ.

ರೋಣ, ನರಗುಂದ, ಗಜೇಂದ್ರಗಡದ ಕಡೆಯ ನಮ್ಮ ಕೂಡು ಮನೆತನಗಳಲ್ಲಿ ಮಗು ಹೀಗೆ ಉಗ್ಗತೊಡಗಿದರೆ ತಲೆಗೊಂದು ಕಾರಣ ಹೊರಡುತ್ತದೆ. ‘ದೃಷ್ಟಿ ತಾಕಿದೆ’ ಎಂದು ಒಬ್ಬರು, ‘ನಾಯಿಗೆ ಅಂಜಿದೆ’ ಎಂದು ಮತ್ತೊಬ್ಬರು, ‘ಓಣಿಯ ಉಗ್ಗುವ ಹುಡುಗನನ್ನು ಅನುಕರಿಸಿದೆ’ ಎಂದು ಮಗದೊಬ್ಬರು. ಕಡೆಗೆ ಅಪವಾದವು ಬಂದು ನಿಲ್ಲುವುದು ತಾಯಿಯ ಮೇಲೆ: ಹೊಡೆದಳು, ಗದರಿಸಿದಳು, ಹೊಲದ ಕೆಲಸಕ್ಕೆ ಹೋಗಿ ಕೂಸನ್ನು ನೋಡದೆ ಬಿಟ್ಟಳು! ಮಗುವಿನ ಚಿಂತೆಯಲ್ಲಿಯೇ ಕುಗ್ಗಿದ ಆ ತಾಯಿಗೆ ಇದು ಇಮ್ಮಡಿ ಶಿಕ್ಷೆ. ಈ ಅಪವಾದಕ್ಕೆ ಆಧಾರವಿಲ್ಲವೆಂಬುದನ್ನು ಮೊದಲು ತಿಳಿಯೋಣ.

ಉಗ್ಗು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಎರಡರಿಂದ ಐದು ವರ್ಷದೊಳಗೆ. ಮಗು ಬಿಡಿ ಪದಗಳನ್ನು ದಾಟಿ, ವಾಕ್ಯಗಳನ್ನು ಕಟ್ಟಲು ಕಲಿಯುವ ಕಾಲವದು. ನೂರು ಮಕ್ಕಳಲ್ಲಿ ಸುಮಾರು 5 ಮಕ್ಕಳು ಈ ಹಂತವನ್ನು ಹಾಯುತ್ತಾರೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಎಹುದ್ ಯೈರಿ ಮತ್ತು ನಿಕೋಲಿನ್ ಆಂಬ್ರೋಸ್ ಎಂಬ ವಿದ್ವಾಂಸರು ಇಂಥ ಮಕ್ಕಳನ್ನು ಹಲವು ವರ್ಷ ಹಿಂಬಾಲಿಸಿ ನೋಡಿದಾಗ, ಹತ್ತರಲ್ಲಿ ಸುಮಾರು ನಾಲ್ಕು ಮಕ್ಕಳಿಗೆ ಉಗ್ಗು ಬಂದದ್ದು ಒಂದು-ಮೂರು ದಿನಗಳೊಳಗೆ. ಅಂದರೆ ‘ನಿನ್ನೆ ಇರಲಿಲ್ಲ, ಇಂದು ಬಂತು’ ಎಂಬುದು ಅಪರೂಪದ ಮಾತಲ್ಲ. ಅದೇ ದಿನಗಳಲ್ಲಿ ಮನೆಯಲ್ಲಿ ತಂಗಿ ಹುಟ್ಟಿರಬಹುದು, ನಾಯಿ ಬೊಗಳಿರಬಹುದು, ಕಾಕಾ ಗದರಿಸಿರಬಹುದು. ಮೂರು ವರ್ಷದ ಮಗುವಿನ ಬಾಳಿನಲ್ಲಿ ಇಂಥದೊಂದು ನಡೆಯದ ವಾರವೇ ಇಲ್ಲ. ಆದುದರಿಂದ ಅದೇ ಕಾರಣವೆಂದು ಭಾವಿಸಲಾಗದು.

ಉಗ್ಗಿನ ಮೂಲವಿರುವುದು ಮಿದುಳಿನಲ್ಲಿ ಮಾತಿನ ಚಲನೆಗಳನ್ನು ಹೊತ್ತಿಗೆ ಸರಿಯಾಗಿ ಹೊಂದಿಸುವ ವ್ಯವಸ್ಥೆಯಲ್ಲಿ. ವಂಶವಾಹಿಗಳ ಪಾತ್ರವೂ ಬಹಳ ಇದೆ. ತಂದೆಗೋ, ಸೋದರಮಾವನಿಗೋ ಇದ್ದದ್ದು ಮಗುವಿನಲ್ಲಿ ಕಾಣುವುದುಂಟು. ಹೆತ್ತವರ ನಡವಳಿಕೆಯಿಂದ ಉಗ್ಗು ಹುಟ್ಟುತ್ತದೆಂದು 1940ರ ದಶಕದಲ್ಲಿ ಪಂಡಿತರೂ ನಂಬಿದ್ದರು. ಮುಂದಿನ ಸಂಶೋಧನೆಗಳು ಅದನ್ನು ಒಪ್ಪಲಿಲ್ಲ.

ಸಮಾಧಾನದ ಸಂಗತಿಯೆಂದರೆ, ಹೀಗೆ ಉಗ್ಗುವ ನಾಲ್ಕು ಮಕ್ಕಳಲ್ಲಿ ಸುಮಾರು ಮೂವರು ಮುಂದಿನ ಕೆಲವು ವರ್ಷಗಳಲ್ಲಿ ತಾವಾಗಿಯೇ ಸರಿಹೋಗುತ್ತಾರೆ. ನಾಲ್ಕನೆಯ ಮಗುವಿಗೆ ನೆರವು ಬೇಕು. ಆ ಮಗು ಯಾವುದೆಂದು ಮೊದಲ ದಿನವೇ ಹೇಳಲಾಗದು. ಗಂಡುಮಕ್ಕಳಲ್ಲಿ, ವಂಶದಲ್ಲಿ ಉಗ್ಗು ಉಳಿದು ಬಂದಿರುವವರಲ್ಲಿ, ಮೂರೂವರೆ ವರ್ಷದ ನಂತರ ಉಗ್ಗತೊಡಗಿದವರಲ್ಲಿ ಅದು ಮುಂದುವರಿಯುವ ಸಂಭವ ಹೆಚ್ಚು.

ಇನ್ನು ಮನೆಮದ್ದಿನ ಮಾತು. ಬಜೆಯ ಬೇರನ್ನು ತೇಯ್ದು ಜೇನಿನಲ್ಲಿ ನೆಕ್ಕಿಸುವುದು ನಮ್ಮ ಹಿರಿಯರ ರೂಢಿ. ಅದರ ಹಿಂದಿನ ಪ್ರೀತಿ ದೊಡ್ಡದು. ಆದರೆ ಉಗ್ಗು ನಾಲಿಗೆಯ ರೋಗವಲ್ಲ. ಅಳತೆ ಮೀರಿದ ಬಜೆಯಿಂದ ಎಳೆಯ ಮಕ್ಕಳಿಗೆ ವಾಂತಿಯಾಗುವುದುಂಟು. ನಾಲಿಗೆಯ ಕೆಳಗಿನ ತಂತುವನ್ನು ಕೊಯ್ಯಿಸುವುದರಿಂದಾಗಲಿ, ಬಾಯಲ್ಲಿ ಹರಳು ಇಟ್ಟು ಮಾತನಾಡಿಸುವುದರಿಂದಾಗಲಿ ಉಗ್ಗು ಹೋಗದು. ಹರಳು ಗಂಟಲಲ್ಲಿ ಸಿಕ್ಕರೆ ಜೀವಕ್ಕೇ ಅಪಾಯ.

ಹಾಗಾದರೆ ಮನೆಯವರ ಕೈಯಲ್ಲಿ ಏನಿದೆ? ಕೇಳುವ ರೀತಿ ಇದೆ. ಮಗು ಸಿಕ್ಕಿಕೊಂಡ ಕೂಡಲೇ ‘ಸಾವಕಾಶ ಹೇಳು’, ‘ಉಸುರು ತಗೊಂಡು ಹೇಳು’, ‘ಇನ್ನೊಮ್ಮಿ ನೆಟ್ಟಗ ಅನ್ನು’ ಎಂದು ನಾಲ್ಕು ದಿಕ್ಕಿನಿಂದ ಉಪದೇಶ ಬರುತ್ತದೆ. ಎಲ್ಲರದೂ ಅಕ್ಕರೆಯೇ. ಆದರೆ ಮಗುವಿಗೆ ತಿಳಿಯುವುದು ಇಷ್ಟೇ: ನಾನು ಏನು ಹೇಳಿದೆನೆಂಬುದು ಇವರಿಗೆ ಬೇಕಿಲ್ಲ, ಹೇಗೆ ಹೇಳಿದೆನೆಂಬುದೇ ಬೇಕು. ಬರಬರುತ್ತ ಅದು ಕಡಿಮೆ ಮಾತನಾಡುತ್ತದೆ. ರೊಟ್ಟಿ ಬೇಕಾದರೆ ಬೆರಳು ತೋರಿಸುತ್ತದೆ. ಉಗ್ಗಿಗಿಂತ ಅಂಜಬೇಕಾದುದು ಈ ಮೌನಕ್ಕೆ.

ಆದುದರಿಂದ ತಾಯಂದಿರೇ, ಮಗುವಿಗೆ ‘ಸಾವಕಾಶ’ ಎನ್ನುವ ಬದಲು ನೀವೇ ಸಾವಕಾಶವಾಗಿ ಮಾತನಾಡಿರಿ. ಅದು ಹೇಳಿ ಮುಗಿಸುವವರೆಗೆ ಮುಖ ನೋಡುತ್ತ ಕಾಯಿರಿ. ಅದರ ಮಾತನ್ನು ನೀವು ಪೂರ್ತಿಗೊಳಿಸಬೇಡಿರಿ. ಒಂದರ ಮೇಲೊಂದು ಪ್ರಶ್ನೆ ಹಾಕಬೇಡಿರಿ. ಸುಗ್ಗಿಯ ದಿನಗಳಿರಲಿ, ಮಗ್ಗದ ಕೆಲಸವಿರಲಿ, ದಿನಕ್ಕೆ ಐದು-ಹತ್ತು ನಿಮಿಷ ಟಿ.ವಿ. ಮತ್ತು ಮೊಬೈಲ್ ದೂರವಿಟ್ಟು ಆ ಮಗುವಿನೊಡನೆ ಮಾತ್ರ ಕುಳಿತುಕೊಳ್ಳಿರಿ. ಅದು ತಾನೇ ನೊಂದು ‘ನನಗ ಮಾತು ಬರವಲ್ದು’ ಎಂದರೆ ಕೇಳದಂತೆ ಇರಬೇಡಿರಿ. ‘ಒಮ್ಮೊಮ್ಮೆ ಮಾತು ಸಿಕ್ಕೊತೈತಿ, ಇರ್ಲಿ, ನಾ ಕೇಳಾಕತ್ತೀನಿ’ ಎಂಬ ಒಂದು ಮಾತು ಸಾಕು. ಅಣಕಿಸುವ ಅಣ್ಣ-ಅಕ್ಕಂದಿರನ್ನು ಒಳಗೆ ಕರೆದು ತಿಳಿಹೇಳಿರಿ. ಅಂಗನವಾಡಿಯ ಕಾರ್ಯಕರ್ತೆಗೂ ತಿಳಿಸಿರಿ.

ನಮ್ಮ ಮನೆಗಳಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಬೀಗರು ಬಂದಾಗ, ಬಸವ ಜಯಂತಿಯ ಸಭೆಯಲ್ಲಿ, ಮಗುವನ್ನು ಎದುರಿಗೆ ನಿಲ್ಲಿಸಿ ‘ವಚನ ಹೇಳು’ ಎನ್ನುವುದು ನಮಗೆ ಅಭಿಮಾನದ ವಿಷಯ. ಉಗ್ಗುವ ಮಗುವಿಗೆ ಅದು ಕಠಿಣ ಪರೀಕ್ಷೆಯಾಗಬಹುದು. ಹಾಗೆಂದು ವಚನವನ್ನು ಬಿಡಿಸಬೇಕಾಗಿಲ್ಲ. ಹಾಡುವಾಗ, ಇನ್ನೊಬ್ಬರೊಡನೆ ಒಟ್ಟಾಗಿ ನುಡಿಯುವಾಗ ಉಗ್ಗು ಬಹುಮಟ್ಟಿಗೆ ಇಲ್ಲವಾಗುತ್ತದೆಂಬುದು ಪರೀಕ್ಷಿತ ಸಂಗತಿ. ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿಯ ಮಗ್ಗುಲಲ್ಲಿ ಕುಳಿತು ದನಿಗೂಡಿಸಿ ಹೇಳಲಿ. ಇದು ಚಿಕಿತ್ಸೆಯಲ್ಲ, ಆದರೆ ತನ್ನ ದನಿಯನ್ನು ತಾನು ಸುಖವಾಗಿ ಕೇಳುವ ಗಳಿಗೆ ಮಗುವಿಗೆ ದೊರೆಯುತ್ತದೆ. ಸಭೆಯಲ್ಲಿ ಹೇಳುವುದು ಅದರ ಇಚ್ಛೆಗೆ ಬಿಟ್ಟದ್ದು.

ಕಾಯುವುದಕ್ಕೂ ಮಿತಿಯಿದೆ. ‘ನನಗೆ ನನಗೆ ಬೇಕು’ ಎಂದು ಇಡೀ ಪದವನ್ನು ಆಯಾಸವಿಲ್ಲದೆ ಮರಳಿ ಹೇಳಿದರೆ ಆತಂಕ ಬೇಡ. ಅಕ್ಷರವನ್ನು ಎಳೆಯುವುದು, ಬಾಯಿ ತೆರೆದರೂ ದನಿ ಹೊರಡದಿರುವುದು, ಕಣ್ಣು ಪಿಳುಕಿಸುವುದು, ಕಾಲು ನೆಲಕ್ಕೆ ಅಪ್ಪಳಿಸುವುದು, ಮಾತನ್ನೇ ತಪ್ಪಿಸುವುದು ಕಂಡರೆ ತಡಮಾಡದೆ ವಾಕ್ ತಜ್ಞರಿಗೆ ತೋರಿಸಬೇಕು. ಇಂಥ ಲಕ್ಷಣಗಳಿಲ್ಲದಿದ್ದರೂ ಉಗ್ಗು ಆರು ತಿಂಗಳು ದಾಟಿದರೆ ತೋರಿಸಲೇಬೇಕು. ನಡುವೆ ಒಂದೆರಡು ವಾರ ಸರಾಗವಾಗಿ ಮಾತನಾಡಿತೆಂದು ಮೈಮರೆಯಬಾರದು. ಬಂದು ಹೋಗುವುದು ಉಗ್ಗಿನ ಸ್ವಭಾವ. ತಲೆಗೆ ಪೆಟ್ಟು ಬಿದ್ದ ಮೇಲೆ ಅಥವಾ ಸೆಳವಿನ ನಂತರ ಮಾತು ಕೆಟ್ಟರೆ, ಕೈಕಾಲು ಸೋತರೆ, ಅದೇ ದಿನ ವೈದ್ಯರ ಬಳಿಗೆ ಹೋಗಬೇಕು.

ಎಲ್ಲಿಗೆ ಹೋಗುವುದು? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಬಂದು ಮಕ್ಕಳ ಬೆಳವಣಿಗೆಯ ಕುಂದುಗಳನ್ನು ಪರೀಕ್ಷಿಸುತ್ತವೆ. ಅವರಿಗೆ ಬಾಯಿಬಿಟ್ಟು ಹೇಳಿ ಜಿಲ್ಲಾ ಕೇಂದ್ರಕ್ಕೆ ಚೀಟಿ ಪಡೆಯಬಹುದು. ಧಾರವಾಡದಲ್ಲಿ ಜೆ.ಎಸ್.ಎಸ್. ವಾಕ್ ಮತ್ತು ಶ್ರವಣ ಸಂಸ್ಥೆಯಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯು ದೂರದ ಊರಿನವರಿಗೆ ವಿಡಿಯೋ ಮೂಲಕವೂ ಚಿಕಿತ್ಸೆ ನೀಡುತ್ತದೆ. ಎಳೆಯ ಮಕ್ಕಳ ಚಿಕಿತ್ಸೆಯಲ್ಲಿ ತಜ್ಞರು ಮುಖ್ಯವಾಗಿ ತರಬೇತಿ ಕೊಡುವುದು ತಾಯಿ-ತಂದೆಗಳಿಗೇ. ಆಸ್ಟ್ರೇಲಿಯದ ಸಿಡ್ನಿಯಲ್ಲಿ ರೂಪುಗೊಂಡ ‘ಲಿಡ್ಕಂಬ್’ ಎಂಬ ಪ್ರಸಿದ್ಧ ಪದ್ಧತಿಯೂ ಹಾಗೆಯೇ ನಡೆಯುತ್ತದೆ. ಶಾಲೆ ಸೇರುವ ಮುನ್ನ ಆರಂಭಿಸಿದರೆ ಫಲ ಹೆಚ್ಚು.

ಚಿಕಿತ್ಸೆಯ ನಂತರವೂ ಕೆಲವರಲ್ಲಿ ಉಗ್ಗು ಸ್ವಲ್ಪ ಉಳಿಯಬಹುದು. ಇಂಗ್ಲೆಂಡಿನ ಅರಸ ಆರನೆಯ ಜಾರ್ಜ್ ಉಗ್ಗುತ್ತಲೇ 1936ರಿಂದ 1952ರವರೆಗೆ ರಾಜ್ಯವಾಳಿದನು. ಚಿತ್ರನಟ ಹೃತಿಕ್ ರೋಷನ್ ಬಾಲ್ಯದಿಂದ ಉಗ್ಗಿನೊಡನೆ ಹೆಣಗಿದವರು. ನಿಮ್ಮ ಮನೆಯ ಮಗು ಇಂದು ಸಂಜೆ ಏನನ್ನೋ ಹೇಳಲು ಬಂದು ಮೊದಲಕ್ಷರದಲ್ಲಿ ನಿಂತರೆ, ಕೈಯಲ್ಲಿನ ಕೆಲಸವನ್ನು ಗಳಿಗೆ ಬಿಟ್ಟು, ಅದು ಹೇಳಿ ಮುಗಿಸುವವರೆಗೆ ಕೇಳಿರಿ. ನಂತರ ಅದು ಕೇಳಿದ್ದಕ್ಕೆ ಉತ್ತರ ಕೊಡಿರಿ.